ಬ್ಯಾಂಕುಗಳ ಊರಿನಲ್ಲಿ ಉದ್ಯೋಗದ ಚಿಂತೆ

ಮಂಗಳೂರಿನಲ್ಲಿ ವಾಣಿಜ್ಯ ಪದವಿ ಮುಗಿಸಿದ ಹುಡುಗನನ್ನು ಮುಂದೇನು ಮಾಡುತ್ತೀ ಎಂದು ಯಾರೂ ಕೇಳದಿದ್ದ ಕಾಲವೊಂದಿತ್ತು. ಯಾವ ಬ್ಯಾಂಕು ಎಂದಷ್ಟೇ ಕೇಳುತ್ತಿದ್ದರು. ಮಾತಿನಲ್ಲಿ ಕೊಂಚ ಅತಿಶಯೋಕ್ತಿ ಇದ್ದೀತು. ಆದರೆ ಬರಿಯ ಬಡಾಯಿ ಅಲ್ಲ. ದೇಶದಲ್ಲಿ 1969ರಲ್ಲಿ 14, 1980ರಲ್ಲಿ 6, ಹೀಗೆ ಒಟ್ಟು 20 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅವುಗಳಲ್ಲಿ ನಾಲ್ಕು ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ. ಕಡಲಿಗೂ ಘಟ್ಟಕ್ಕೂ ನಡುವೆ ಸಿಕ್ಕಿಕೊಂಡ ಈ ಕಿರಿದಾದ ನೆಲದಲ್ಲಿ ಹಣದ ವ್ಯವಹಾರ ಹೀಗೆ ಬೇರೂರಿದ್ದು ಸಣ್ಣ ಸಂಗತಿಯಲ್ಲ.

ಕಳೆದ ವರ್ಷ ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬ ತರಗತಿ ಮುಗಿದ ಮೇಲೆ ನನ್ನ ಬಳಿ ನಿಂತು, “ಬ್ಯಾಂಕ್ ಪರೀಕ್ಷೆ ಪಾಸಾದರೆ ಊರಲ್ಲೇ ಹಾಕ್ತಾರಾ ಸರ್?” ಎಂದು ಕೇಳಿದ. ತಂದೆಗೆ ಮೈಯಲ್ಲಿ ಸೌಖ್ಯವಿಲ್ಲ, ಮನೆಯಲ್ಲಿ ಇವನೇ ಹಿರಿಯ ಮಗ. ನಾನು ಕೂಡಲೇ ಉತ್ತರ ಕೊಡಲಾರದೆ ಹೋದೆ. ಇಪ್ಪತ್ತೈದು ವರ್ಷಗಳ ಹಿಂದೆಯಾಗಿದ್ದರೆ ಧೈರ್ಯವಾಗಿ ಏನಾದರೂ ಹೇಳಿಬಿಡುತ್ತಿದ್ದೆನೋ ಏನೋ.

ಈ ಬ್ಯಾಂಕುಗಳ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದಿರುತ್ತಾರೆ. ಅದರ ಸ್ವಾರಸ್ಯವನ್ನು ಕಂಡವರು ಕಡಮೆ. ಸ್ವದೇಶಿ ಚಳವಳಿಯ ಗಾಳಿ ಬೀಸುತ್ತಿದ್ದ 1906ರಲ್ಲಿ, ಒಂದೇ ವರ್ಷದಲ್ಲಿ, ಎರಡು ಸಂಸ್ಥೆಗಳು ಹುಟ್ಟಿದವು. ಮಂಗಳೂರಿನಲ್ಲಿ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು ಒಂದು ನಿಧಿಯನ್ನು ಸ್ಥಾಪಿಸಿದರು. ಅದೇ ಬೆಳೆದು ಕೆನರಾ ಬ್ಯಾಂಕ್ ಆಯಿತು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರು 5,000 ರೂಪಾಯಿ ಮೂಲಧನದಿಂದ ಇನ್ನೊಂದನ್ನು ಆರಂಭಿಸಿದರು. ಅದು ಮುಂದೆ ಮಂಗಳೂರಿಗೆ ಬಂದು ಕಾರ್ಪೊರೇಷನ್ ಬ್ಯಾಂಕ್ ಎನಿಸಿತು. 1924ರಲ್ಲಿ ಮಂಗಳೂರಿನಲ್ಲೇ ಕರ್ಣಾಟಕ ಬ್ಯಾಂಕ್. ಮರುವರ್ಷ ಉಡುಪಿಯಲ್ಲಿ, ಕೈಮಗ್ಗದ ನೇಕಾರರ ಸಂಕಷ್ಟವನ್ನು ಕಂಡು ಟಿ.ಎಂ.ಎ. ಪೈ ಮೊದಲಾದವರು ಕಟ್ಟಿದ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕ್. ಸಿಂಡಿಕೇಟಿನವರು 1928ರಲ್ಲಿ ತೆಗೆದ ಪಿಗ್ಮಿ ಠೇವಣಿಯಂತೂ ಒಂದು ಜಾಣತನವೇ ಸರಿ. ದಿನಕ್ಕೆ ಎರಡಾಣೆ ಉಳಿಸಬಲ್ಲವನು ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಾನೆಂದರೆ, ಬ್ಯಾಂಕೇ ಅವನ ಅಂಗಡಿಯ ಬಾಗಿಲಿಗೆ ಬಂದು ಆ ಎರಡಾಣೆಯನ್ನು ಬರೆದುಕೊಂಡು ಹೋಗುತ್ತಿತ್ತು.

ಹಳೆಯದನ್ನೆಲ್ಲ ಹೊನ್ನೆಂದು ಹೊಗಳುವ ಚಪಲ ನನಗಿಲ್ಲ. ಈ ಸಂಸ್ಥೆಗಳಿಗೆ ಒಂದೊಂದು ಸಮುದಾಯದ ಆಸರೆ ಇತ್ತು. ಕೆಲಸವೂ ಬಹುಮಟ್ಟಿಗೆ ಪರಿಚಯದ ಮೇಲೆ, ನೆಂಟಸ್ತಿಕೆಯ ಮೇಲೆ ದೊರೆಯುತ್ತಿತ್ತು. ಬೇಸಾಯಗಾರನ ಮಗ, ಬೀಡಿ ಕಟ್ಟುವವಳ ಮಗಳು, ದಲಿತರ ಕೇರಿಯ ಹುಡುಗ ಗುಮಾಸ್ತರ ಮೇಜಿನ ಮುಂದೆ ಕುಳಿತದ್ದು ರಾಷ್ಟ್ರೀಕರಣದ ಬಳಿಕ, ಲಿಖಿತ ಪರೀಕ್ಷೆಯೂ ಮೀಸಲಾತಿಯೂ ಬಂದ ಮೇಲೆ. ಆ ಒಂದು ಸಂಬಳದಿಂದ ತಮ್ಮಂದಿರ ಓದು, ತಂಗಿಯ ಮದುವೆ, ಮುಳಿಹುಲ್ಲಿನ ಮಾಡಿಗೆ ಹಂಚು ಎಲ್ಲವೂ ಆದುವು. ಇದನ್ನು ಮರೆತು ಬರಿಯ ಸಂಸ್ಥಾಪಕರ ಭಾವಚಿತ್ರಗಳಿಗೆ ಹಾರ ಹಾಕುವುದು ನ್ಯಾಯವಲ್ಲ.

ಇನ್ನು ಈಚಿನ ಮಾತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಸರಿಯಾಗಿ ಒಂದು ವರ್ಷದ ಮೇಲೆ, 2020ರ ಏಪ್ರಿಲ್ 1ರಂದು, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸಿಂಡಿಕೇಟ್ ಕೆನರಾದಲ್ಲಿಯೂ ಸೇರಿಹೋದವು. ಆಗ ಕೊರೋನಾದ ದಿಗ್ಬಂಧನ, ಬೀದಿಗಳು ಬರಿದಾಗಿದ್ದವು. ನೂರು ವರ್ಷ ದಾಟಿದ ಸಂಸ್ಥೆಯೊಂದು ಹೆಸರು ಕಳಚಿಕೊಂಡಾಗ ನಾಲ್ಕು ಜನ ಸೇರಿ ನೋಡುವುದಕ್ಕೂ ಆಸ್ಪದವಿರಲಿಲ್ಲ.

ವಿಲೀನದಿಂದ ಯಾರ ಕೆಲಸವೂ ಹೋಗದೆಂದು ಸರಕಾರ ಹೇಳಿತ್ತು. ಇದ್ದವರ ಕೆಲಸ ಉಳಿದರೆ ಸಾಲದು. ಪ್ರಧಾನ ಕಛೇರಿಯೊಂದು ಊರಿನಲ್ಲಿದ್ದರೆ ಅದರ ಸುತ್ತ ಒಂದು ಲೋಕವೇ ಬೆಳೆಯುತ್ತದೆ. ಲೆಕ್ಕ ತನಿಖೆಯವರು, ವಕೀಲರು, ಅರ್ಜಿ ನಮೂನೆಗಳನ್ನು ಅಚ್ಚು ಹಾಕುವ ಮುದ್ರಣಾಲಯ, ಮಧ್ಯಾಹ್ನದ ಊಟದ ಹೋಟೆಲು, ವರ್ಗವಾಗಿ ಬಂದವರಿಗೆ ಬಾಡಿಗೆಯ ಮನೆ, ಇವೆಲ್ಲ ಅದರ ನೆರಳಿನವು. ಅದಕ್ಕಿಂತ ಹೆಚ್ಚಿನದು, ಗುಮಾಸ್ತನಾಗಿ ಸೇರಿದವನು ತನ್ನ ಊರಿನಲ್ಲೇ ಮೇಲಧಿಕಾರಿಯ ಕುರ್ಚಿಯನ್ನು ದಿನವೂ ಕಣ್ಣಾರೆ ಕಾಣುತ್ತಿದ್ದ. ತಾನೂ ಒಂದು ದಿನ ಅಲ್ಲಿ ಕುಳಿತೇನು ಎಂಬ ಆಸೆಗೆ ಒಂದು ವಿಳಾಸವಿತ್ತು. ಯೂನಿಯನ್ ಬ್ಯಾಂಕಿನ ಪ್ರಧಾನ ಕಛೇರಿ ಮುಂಬಯಿಯಲ್ಲಿದೆ. ದೊಡ್ಡ ಸಾಲದ ಕಡತ ಪಾಂಡೇಶ್ವರದಿಂದ ಅಲ್ಲಿಗೆ ಹೋಗಿ ಬರಬೇಕು; ಗೇರುಬೀಜದ ಕಾರ್ಖಾನೆಯವನ ನಿಯತ್ತನ್ನು ಮೂರು ತಲೆಮಾರಿನಿಂದ ಬಲ್ಲವರು ಅಲ್ಲಿ ಯಾರಿದ್ದಾರೆ?

ಹೀಗೆಂದು ಊರು ಮುಳುಗಿತೆಂದಲ್ಲ. ಕರ್ಣಾಟಕ ಬ್ಯಾಂಕ್ 2024ರಲ್ಲಿ ನೂರು ತುಂಬಿಸಿಕೊಂಡು ಇಂದಿಗೂ ಮಂಗಳೂರಿನಲ್ಲೇ ಪ್ರಧಾನ ಕಛೇರಿ ಇಟ್ಟುಕೊಂಡಿದೆ. ಪಣಂಬೂರಿನ ಬಂದರಿದೆ, ಅದರ ಹಿಂದೆ ತೈಲ ಶುದ್ಧೀಕರಣದ ಕಾರ್ಖಾನೆಯಿದೆ. ಮುಡಿಪುವಿನ ಗುಡ್ಡದ ಮೇಲೆ ಇನ್ಫೋಸಿಸ್ ಬಂದು ಕುಳಿತಿದೆ. ಆಸ್ಪತ್ರೆಗಳೂ ಕಾಲೇಜುಗಳೂ ಎಣಿಸಲಾರದಷ್ಟು. ಆದರೆ ಇವುಗಳಲ್ಲಿ ಬಹುಪಾಲು ಎಂಜಿನಿಯರನನ್ನೋ ದಾದಿಯನ್ನೋ ಕೇಳುತ್ತವೆಯೇ ಹೊರತು, ಸಾಮಾನ್ಯ ಪದವಿಯ ಸಾಮಾನ್ಯ ಹುಡುಗನನ್ನಲ್ಲ. ಅವನಿಗೆ ಬಾಗಿಲು ತೆರೆದಿಟ್ಟಿದ್ದ ಮನೆ ಬ್ಯಾಂಕು.

ಇಂಥದು ಈ ಊರಿಗೆ ಮೊದಲ ಸಲವೂ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯುದ್ದಕ್ಕೂ ಚಿಮಣಿಗಳೆದ್ದವು. ಕಾಂಕ್ರೀಟಿನ ತಾರಸಿ ಬಂದು ಅವು ಒಂದೊಂದಾಗಿ ತಣ್ಣಗಾದುವು. ಜೇಡಿಮಣ್ಣು ಹೊತ್ತ ಹೆಂಗಸರು, ಗೂಡಿಗೆ ಬೆಂಕಿ ಇಟ್ಟ ಗಂಡಸರು ಎಲ್ಲಿಗೆ ಹೋದರೆಂದು ನಾವು ಓದಿದವರು ವಿಚಾರಿಸಲಿಲ್ಲ. ಬ್ಯಾಂಕಿನ ಹೆಸರು ಹೋದಾಗ ನಮಗೆ ಅಷ್ಟು ನೋವಾದುದಕ್ಕೆ ನಮ್ಮ ಮಕ್ಕಳು ಅಲ್ಲಿ ಕೆಲಸಕ್ಕಿದ್ದುದೂ ಒಂದು ಕಾರಣವೆಂದು ಒಪ್ಪಿಕೊಳ್ಳಬೇಕು.

ಊರು ಬಿಡುವುದೂ ನಮ್ಮವರಿಗೆ ಹೊಸದಲ್ಲ. ಹಗಲು ಮುಂಬಯಿಯ ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರ ಊರಿದು. ಆದರೆ ಅವರು ಹೊರಟದ್ದು ಇಲ್ಲಿ ಅನ್ನವಿಲ್ಲದೆ. ಈಗ ಮನೆಯಲ್ಲಿ ಅನ್ನವಿದೆ, ಓದಿದೆ, ತೆಂಗಿನ ತೋಟವೂ ಇದೆ. ನೋಡಿಕೊಳ್ಳಲು ಮುದುಕರಿಬ್ಬರೇ ಉಳಿದಿರುತ್ತಾರೆ.

ಆ ವಿದ್ಯಾರ್ಥಿಗೆ ಕಡೆಗೆ ಇದ್ದುದನ್ನು ಇದ್ದಂತೆ ಹೇಳಿದೆ. ಗುಮಾಸ್ತರ ಹುದ್ದೆಯಾದರೆ ರಾಜ್ಯದೊಳಗೆ ಎಲ್ಲಾದರೂ ಹಾಕಿಯಾರು. ಅಧಿಕಾರಿಯ ಹುದ್ದೆಯಾದರೆ ದೇಶದ ಯಾವ ಮೂಲೆಯೂ ಆದೀತು. ಸಂಬಳ ಎರಡನೆಯದರಲ್ಲಿ ಹೆಚ್ಚು, ತಂದೆಯ ಬಳಿ ಇರುವ ಸಾಧ್ಯತೆ ಮೊದಲನೆಯದರಲ್ಲಿ. ಅವನು ಎರಡು ದಿನ ಯೋಚಿಸಿ ಗುಮಾಸ್ತರ ಪರೀಕ್ಷೆಗೆ ಅರ್ಜಿ ಹಾಕಿದ. ಯಾವ ಬ್ಯಾಂಕು ಬೇಕೆಂದು ಕ್ರಮವಾಗಿ ಗುರುತಿಸುವ ಜಾಗದಲ್ಲಿ ಕೆನರಾವನ್ನು ಮೊದಲು ಬರೆದಿದ್ದ. ಏಕೆಂದು ಕೇಳಿದೆ.

“ಹೆಸರಾದರೂ ನಮ್ಮದೇ ಅಲ್ವಾ ಸರ್,” ಎಂದ.