ಮುಖ ನೋಡಿ ಮಣೆ ಹಾಕುವ ಮುನ್ನ

ಬೆಳಗ್ಗಿನ ಬಲಿಪೂಜೆಗೆ ಹೋಗುವಾಗ ಮಂಗಳೂರು, ಉಡುಪಿಯ ವೃತ್ತಗಳಲ್ಲಿ ಬುತ್ತಿ ಹಿಡಿದು ಕೂಲಿಗೆ ಕಾದು ನಿಂತವರನ್ನು ನಾವೆಲ್ಲ ನೋಡಿದ್ದೇವೆ. ಇವರಲ್ಲಿ ಅನೇಕರು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯವರು. ನಮ್ಮ ಎಷ್ಟೋ ಮನೆಗಳ ಅಡಿಪಾಯದಲ್ಲಿ ಇವರ ಬೆವರಿದೆ. ಆದರೂ ಊರಲ್ಲಿ ಏನಾದರೂ ಕಳವಾದರೆ ನಮ್ಮಲ್ಲಿ ಕೆಲವರ ಬಾಯಿಂದ ಮೊದಲು ಬರುವ ಮಾತು: "ಆ ಘಟ್ಟದವರ ಮುಖ ನೋಡುವಾಗಲೇ ಗೊತ್ತಾಗುತ್ತದೆ." ಮುಖದಿಂದ ನಿಜವಾಗಿ ಏನು ಗೊತ್ತಾಗುತ್ತದೆ?

2006ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಒಂದು ಅಧ್ಯಯನ ಪ್ರಕಟಿಸಿದರು. ಅಪರಿಚಿತರ ಭಾವಚಿತ್ರಗಳನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ತೋರಿಸಿ, ಈ ವ್ಯಕ್ತಿ ನಂಬಿಕಸ್ಥನೇ ಎಂದು ಕೇಳಲಾಯಿತು. ಅಷ್ಟರಲ್ಲೇ ನೋಡಿದವರು ತೀರ್ಮಾನಿಸಿದ್ದರು. ಹೆಚ್ಚು ಸಮಯ ಕೊಟ್ಟಾಗ ಅಭಿಪ್ರಾಯ ಅಷ್ಟಾಗಿ ಬದಲಾಗಲಿಲ್ಲ, ತಮ್ಮ ತೀರ್ಪಿನ ಮೇಲಿನ ಭರವಸೆ ಹೆಚ್ಚಿತು.

ಹೀಗಾಗಲು ಕಾರಣವಿದೆ. ಕೋಪಗೊಂಡವರ ಹುಬ್ಬು ಕೆಳಗಿಳಿಯುತ್ತದೆ, ತುಟಿ ಬಿಗಿಯುತ್ತದೆ. ಹುಟ್ಟಿನಿಂದಲೇ ಯಾರದಾದರೂ ಹುಬ್ಬು ಹಾಗಿದ್ದರೆ ನಮ್ಮ ಮನಸ್ಸು ಅವರನ್ನು ಸಿಡುಕರೆಂದು ಎಣಿಸುತ್ತದೆ. ದುಂಡು ಮುಖ, ದೊಡ್ಡ ಕಣ್ಣು ಮಗುವನ್ನು ನೆನಪಿಸುವುದರಿಂದ ಅಂಥವರು ಮುಗ್ಧರಂತೆ ಕಾಣುತ್ತಾರೆ. ದಿನವಿಡೀ ಉರಿಬಿಸಿಲಿಗೆ ಕಣ್ಣು ಕಿರಿದುಗೊಳಿಸಿ ದುಡಿಯುವವನ ಹಣೆ ಗಂಟಿಕ್ಕಿರುತ್ತದೆ. ಅದು ಬಿಸಿಲಿನ ಗುರುತು, ನಾವು ಅದನ್ನು ಕ್ರೌರ್ಯವೆಂದು ಓದುತ್ತೇವೆ.

ಈ ತಪ್ಪು ಓದು ಜೀವವನ್ನೂ ತೆಗೆಯಬಲ್ಲದು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅವನು ಮಾಡಿದ ತಪ್ಪೆಂದರೆ ಆ ಊರಿಗೆ ಅಪರಿಚಿತನಾಗಿದ್ದುದು.

ಈ ಕೂಲಿಕಾರರ ನಾಡಿನಲ್ಲೇ ನಮಗೊಂದು ಪಾಠವಿದೆ. ಬಾದಾಮಿಯ ತಟ್ಟುಕೋಟೆಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ಮೊದಲ ತ್ರಿಪದಿಗಳು ಇರುವುದು ಅದರಲ್ಲೇ. ಅರಭಟ್ಟ ಒಳ್ಳೆಯವರಿಗೆ ಹೇಗಿದ್ದ, ಕೆಡುಕರಿಗೆ ಹೇಗಿದ್ದ ಎಂದು ಅದು ಹೇಳುತ್ತದೆ. ಅವನ ಮೂಗು ಹೇಗಿತ್ತು, ಬಣ್ಣ ಯಾವುದು ಎಂದು ಹೇಳುವುದಿಲ್ಲ. ಅವನ ಗುಣವನ್ನು ನಾವು ತಿಳಿಯುವುದು ಅವನ ನಡತೆಯಿಂದ.

ಪ್ರವಾದಿ ಸಮುವೇಲನೂ ಜೆಸ್ಸೆಯನ ಹಿರಿಯ ಮಗನ ರೂಪ, ಎತ್ತರ ನೋಡಿ ಮೋಸಹೋಗುವುದರಲ್ಲಿದ್ದ. ದೇವರು ನೋಡುವುದು ಹೃದಯವನ್ನು ಎಂದು ಅವನು ಆಗ ಕಲಿಯಬೇಕಾಯಿತು (1 ಸಮು 16:7). ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ ಕೊಟ್ಟು, ಹರಕು ಬಟ್ಟೆಯವನನ್ನು ನಿಲ್ಲಿಸುವ ಸಭೆಯನ್ನು ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಖಂಡಿಸುತ್ತಾರೆ. ಮುಖ ನೋಡಿ ಮಣೆ ಹಾಕುವುದೆಂದರೆ ಇದೇ.

ಪ್ರಿಯ ಬಾಂಧವರೇ, ಮೊದಲ ನೋಟದ ಅನಿಸಿಕೆಯನ್ನು ತಡೆಯಲು ನಮ್ಮಿಂದಾಗದು. ಅದನ್ನೇ ಕೊನೆಯ ತೀರ್ಪಾಗಿಸದಿರಲು ಖಂಡಿತ ಸಾಧ್ಯ. ನಾಳೆ ಕೆಲಸಕ್ಕೆ ಬಂದವರ ಹೆಸರು ಕೇಳೋಣ, ಊರು ಕೇಳೋಣ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ವಿಚಾರಿಸೋಣ. ಗುರಿಕಾರರು, ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ತಮ್ಮ ವಾಳೆಯಲ್ಲಿ ಬಾಡಿಗೆಗಿರುವ ಇಂಥ ಕುಟುಂಬಗಳನ್ನು ಒಮ್ಮೆ ಭೇಟಿಯಾಗಲಿ. ಮಾತಿಗೆ ಕುಳಿತರೆ ಗಂಟಿಕ್ಕಿದ ಆ ಹುಬ್ಬು ಸಡಿಲವಾಗುವುದನ್ನು ಅವರೇ ನೋಡುವರು. ಬಹುಶಃ ನಮ್ಮದೂ ಸಡಿಲವಾದೀತು.