ಗಾಳಕ್ಕೆ ಮೊದಲು ನಕ್ಷೆ

ಮೀನು ಹಿಡಿಯುವ ಹವ್ಯಾಸವುಳ್ಳವರು ಗಾಳ, ದಾರಗಳನ್ನು ಆರಿಸುವಾಗ ತೋರುವ ಶ್ರದ್ಧೆಯನ್ನು ನಕ್ಷೆಯ ವಿಷಯದಲ್ಲಿ ತೋರುವುದಿಲ್ಲ. ನನ್ನ ಹಳೆಯ ಶಿಷ್ಯನೊಬ್ಬನು ಗೋಡೆಗೆ ತೂಗುಹಾಕುವ ಜಿಲ್ಲಾ ನಕ್ಷೆಯನ್ನೇ ನಂಬಿ, ವೈಶಾಖದ ಬಿಸಿಲಿನಲ್ಲಿ ಎರಡು ಹರದಾರಿ ನಡೆದು ಹಳ್ಳವೊಂದನ್ನು ಸೇರಿದನು. ಅಲ್ಲಿದ್ದುದು ಮರಳು ಮಾತ್ರ.

ಭಾರತ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆಯನ್ನು ನೋಡಿದ್ದರೆ ಈ ಶ್ರಮವು ತಪ್ಪುತ್ತಿದ್ದಿತು. ಅದರಲ್ಲಿ ನೆಲದ ಒಂದು ಕಿಲೋಮೀಟರಿಗೆ ಎರಡು ಸೆಂಟಿಮೀಟರು. ನೀರಿರುವ ತೊರೆಯನ್ನು ನೀಲಿಯಿಂದಲೂ ಬತ್ತುವ ಹಳ್ಳವನ್ನು ಕಪ್ಪಿನಿಂದಲೂ ಬರೆದಿರುವರು. ಸಮೋನ್ನತಿ ರೇಖೆಗಳು ನದಿಯನ್ನು ಒತ್ತೊತ್ತಾಗಿ ದಾಟಿದ್ದರೆ ಅಲ್ಲಿ ಸೆಳವು ಬಲವಾಗಿರುವುದು. ಅದರ ಕೆಳಗೆ ಅವು ದೂರ ಸರಿದಲ್ಲಿ ಮಡುವನ್ನು ನಿರೀಕ್ಷಿಸಬಹುದು.

ಹಾಳೆಯ ಅಂಚಿನಲ್ಲಿ ಅಚ್ಚಾಗಿರುವ ಮೋಜಣಿಯ ವರ್ಷವನ್ನು ಮರೆಯದೆ ನೋಡತಕ್ಕದ್ದು. ಮೈಸೂರಿನ ವ್ಯಾನ್ ಇಂಗೆನ್ ಎಂಬವರು 1946ರಲ್ಲಿ ಕಬಿನಿಯಲ್ಲಿ 120 ಪೌಂಡು ತೂಕದ ಮಹಸೀರನ್ನು ಹಿಡಿದಾಗ ಅದು ಕಟ್ಟಿಲ್ಲದ ಹೊಳೆ. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಬೀಚನಹಳ್ಳಿಯ ಮೇಲ್ಭಾಗವು ಜಲಾಶಯವಾಯಿತು. ಹಾಗೆಂದು ಹಳೆಯ ಹಾಳೆಯನ್ನು ಎಸೆಯಬಾರದು. ಹೊಸ ನಕ್ಷೆಯಲ್ಲಿ ಜಲಾಶಯವು ಬರಿಯ ನೀಲಿಯ ಬಯಲು; ಅದರ ತಳದಲ್ಲಿ ಮುಳುಗಿದ ಹೊಳೆಯ ಆಳವಾದ ಪಾತ್ರವನ್ನು ತೋರಿಸುವುದು ಹಳೆಯದೇ. ಯಾವ ಜಲಾಶಯಕ್ಕಾದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಆದರೆ ಕಬಿನಿ ಜಲಾಶಯಕ್ಕೆ ತಗುಲಿದ ಬಂಡೀಪುರ, ನಾಗರಹೊಳೆಗಳ ರಕ್ಷಿತಾರಣ್ಯದ ಇಂದಿನ ಎಲ್ಲೆಯು ಹಳೆಯ ಹಾಳೆಯಲ್ಲಿ ಸಿಗದು. ಅದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿಯೇ ವಿಚಾರಿಸಿ, ಹಾಳೆಯ ಮೇಲೆ ಸೀಸದಕಡ್ಡಿಯಿಂದ ಗುರುತಿಸಿಕೊಂಡು ಹೊರಡುವುದು ಕ್ಷೇಮ.