ಕೊಯ್ಯದ ಕತ್ತಿಯ ಕಾಳಗ

ಬೀಸಿದ ಕತ್ತಿ ಎದುರಾಳಿಯ ಮೈಯನ್ನು ಮುಟ್ಟಬೇಕು, ಆದರೆ ನೋಯಿಸಬಾರದು. ಈ ಕಟ್ಟಳೆಯ ಮೇಲೆ ನಿಂತ ಹೊಸ ಆಟವೊಂದು ಕೆಲವು ವರ್ಷಗಳಿಂದ ಪಶ್ಚಿಮದ ದೇಶಗಳಲ್ಲಿ ಬಳಕೆಗೆ ಬಂದಿದೆ. ಅದರ ಕತ್ತಿಗೆ ಉಕ್ಕಿಲ್ಲ, ಅಲಗಿಲ್ಲ. ಲೋಹದ ಹಿಡಿಯೊಳಗೆ ಬ್ಯಾಟರಿ ಮತ್ತು ಒಂದು ಪುಟ್ಟ ದೀಪ. ಅದರ ಮೇಲೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಟೊಳ್ಳು ಕೊಳವೆ. ಗುಂಡಿಯೊತ್ತಿದೊಡನೆ ಕೊಳವೆಯ ತುಂಬ ನೀಲಿಯೋ ಕೆಂಪೋ ಬೆಳಕು ಹರಿಯುತ್ತದೆ. 1977ರಲ್ಲಿ ತೆರೆಗೆ ಬಂದ ‘ಸ್ಟಾರ್ ವಾರ್ಸ್’ ಎಂಬ ಅಮೆರಿಕದ ಚಲನಚಿತ್ರದ ವೀರರು ಹಿಡಿದಿದ್ದ ಕಾಲ್ಪನಿಕ ಆಯುಧವೇ ಇದರ ಮೂಲ.

ಕಟ್ಟುಕಥೆಯಿಂದ ಹುಟ್ಟಿದರೂ ಈ ಆಟಕ್ಕೆ ಈಗ ಶಾಸ್ತ್ರ ಬಂದಿದೆ. 2019ರಲ್ಲಿ ಫ್ರಾನ್ಸಿನ ಕತ್ತಿವರಸೆ ಒಕ್ಕೂಟವು ಇದನ್ನು ತನ್ನ ಕ್ರೀಡೆಗಳಲ್ಲೊಂದಾಗಿ ಅಂಗೀಕರಿಸಿತು. ನೆಲದ ಮೇಲೆ ಬರೆದ ವೃತ್ತದೊಳಗೆ, ಮಬ್ಬುಬೆಳಕಿನಲ್ಲಿ, ಮುಖವಾಡ, ಕೈಗವಸು, ರಕ್ಷಾಕವಚಗಳನ್ನು ತೊಟ್ಟ ಇಬ್ಬರು ಎದುರುಬದುರಾಗುತ್ತಾರೆ. ತಲೆಗೆ ಅಥವಾ ಮುಂಡಕ್ಕೆ ಮುಟ್ಟಿಸಿದರೆ 5 ಅಂಕ, ತೋಳು ಕಾಲುಗಳಿಗೆ 3, ಕೈಗೆ 1. ಮೊದಲು 15 ಅಂಕ ಗಳಿಸಿದವನು ಗೆದ್ದ. ಇಲ್ಲವಾದರೆ 3 ನಿಮಿಷಗಳ ಕೊನೆಗೆ ಯಾರ ಅಂಕ ಹೆಚ್ಚೋ ಅವನು. ಇವೆಲ್ಲಕ್ಕಿಂತ ಗಮನಿಸತಕ್ಕ ನಿಯಮ ಇನ್ನೊಂದಿದೆ: ಏಟು ಕೊಡುವ ಮುನ್ನ ಕತ್ತಿಯ ತುದಿಯನ್ನು ತನ್ನ ಬೆನ್ನ ಹಿಂದಕ್ಕೆ ಒಯ್ದೇ ಬೀಸಬೇಕು. ನೋಟಕ್ಕೆ ಚೆಂದವಾಗಲೆಂದು ಮಾಡಿದ ನಿಯಮವಿದು. ಆದರೆ ಇದರಿಂದ ಏಟಿಗಿಂತ ಮೊದಲು ಏಟಿನ ಸುದ್ದಿ ಎದುರಾಳಿಯನ್ನು ಮುಟ್ಟುತ್ತದೆ. ಕತ್ತಲೆಯಲ್ಲಿ ಹೊಳೆಯುವ ಕತ್ತಿಗೆ ಕಪಟ ಕಷ್ಟ.

ಪುತ್ತೂರು, ಸುಳ್ಯ, ಕಡಬಗಳ ಕಡೆಯ ಓದುಗರು ಇದನ್ನು ಕೇಳಿ ‘ಪರದೇಶದ ಹುಡುಗಾಟ’ ಎಂದು ನಕ್ಕಾರು. ನಗುವ ಮೊದಲು ಅವರು ತಮ್ಮ ನೆಲದ ಕಥೆಯನ್ನೊಮ್ಮೆ ನೆನೆಯುವುದು ಒಳ್ಳೆಯದು. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರು ಬೆಳೆದದ್ದು ಪುತ್ತೂರಿನ ಪಡುಮಲೆಯಲ್ಲಿ. ಬಾಲ್ಯದ ಆಟದ ನಡುವೆ ಹಿರಿಯನೊಬ್ಬ, ಬಲ್ಲಾಳನ ಮಂತ್ರಿಯಾದ ಬುದ್ಯಂತ, ಕೈಹಾಕಿದ್ದರಿಂದ ಹಗೆ ಮೊಳೆಯಿತೆಂದು ಪಾಡ್ದನಗಳು ಹೇಳುತ್ತವೆ. ಆ ಹಗೆ ಗದ್ದೆಯ ತಕರಾರಾಗಿ ಬೆಳೆದು ಬುದ್ಯಂತನ ಕೊಲೆಯಲ್ಲಿ ಮುಗಿಯಿತು. ಅಣ್ಣತಮ್ಮಂದಿರು ಊರು ಬಿಟ್ಟು, ಪಂಜದಲ್ಲಿ ಸೆರೆಯ ಕಷ್ಟವನ್ನು ಕಂಡು, ಎಣ್ಮೂರನ್ನು ಸೇರಿದರು. ಅಲ್ಲಿಯ ಕಾಳಗದಲ್ಲಿ ಕೋಟಿ ಬಾಣ ತಗುಲಿ ಮಡಿದ. ಅವನಿಲ್ಲದ ಬಾಳು ಬೇಡವೆಂದು ಚೆನ್ನಯನೂ ಪ್ರಾಣ ಬಿಟ್ಟ. ಮಕ್ಕಳ ಆಟದ ನ್ಯಾಯ ಕೆಟ್ಟಾಗ ಅದು ಊರುಗಳ ಯುದ್ಧವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕೇ? ಯುದ್ಧವನ್ನು ನಿಯಮದಿಂದ ಕಟ್ಟಿ ಮತ್ತೆ ಆಟವನ್ನಾಗಿಸುವ ವಿದ್ಯೆಯೂ ಅಷ್ಟೇ ದೊಡ್ಡದೆಂಬುದು ಇದರಿಂದಲೇ ತಿಳಿಯುತ್ತದೆ.

ಆ ವೀರರ ಹೆಸರಿನ ಗುಡಿಗಳಿಗೆ ನಾವು ‘ಗರಡಿ’ ಎನ್ನುತ್ತೇವೆ. 66 ಗರಡಿಗಳೆಂಬುದು ವಾಡಿಕೆಯ ಮಾತು. ಗರಡಿಯೆಂದರೆ ಮೂಲತಃ ಕಸರತ್ತಿನ ಮನೆ. ಮೈಸೂರಿನ ಕಡೆ ಇಂದಿಗೂ ಕುಸ್ತಿಯ ಪೈಲ್ವಾನರು ಮಣ್ಣು ಮೆತ್ತಿಕೊಳ್ಳುವ ಸ್ಥಳಕ್ಕೆ ಅದೇ ಹೆಸರು. ತುಳುನಾಡಿನಲ್ಲಿ ಹೆಸರು ಉಳಿದು ಕಸರತ್ತು ಹಿಂದೆ ಸರಿಯಿತು. ನೇಮದ ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಸುರಿಯ ಹೊಳೆಯುತ್ತದೆ, ಊರು ಕೈಮುಗಿಯುತ್ತದೆ. ಪೂಜೆಗೆ ಕುಂದಿಲ್ಲ. ಆದರೆ ಆಯುಧ ಹಿಡಿದ ಕೈಯನ್ನು ಹತೋಟಿಯಲ್ಲಿಡುವ ಪಾಠವನ್ನು ಕಲಿಸುತ್ತಿದ್ದ ಮನೆಗೆ ಇಂದು ಶಿಷ್ಯರು ಬರುವುದಿಲ್ಲ, ಭಕ್ತರು ಬರುತ್ತಾರೆ.

ಆ ಪಾಠದ ತುಣುಕುಗಳು ಸುತ್ತಮುತ್ತ ಇನ್ನೂ ಚೆದುರಿ ಬಿದ್ದಿವೆ. ಯಕ್ಷಗಾನದ ರಂಗಸ್ಥಳದಲ್ಲಿ ಮರದ ಕತ್ತಿಗಳು ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೊರಳುತ್ತವೆ. ಬದ್ಧವೈರಿಗಳಾಗಿ ಅಬ್ಬರಿಸುವ ಇಬ್ಬರು ವೇಷಧಾರಿಗಳು ಒಬ್ಬರ ಹೆಜ್ಜೆಯನ್ನೊಬ್ಬರು ಕಾಯುತ್ತಾರೆ. ಸುಳ್ಯದಿಂದ ಸಂಪಾಜೆಯ ಘಟ್ಟವೇರಿದರೆ ಕೊಡವರ ‘ಪರಿಯ ಕಳಿ’ ಇದೆ. ಹುತ್ತರಿಯ ದಿನಗಳಲ್ಲಿ ಊರ ಮಂದಿನಲ್ಲಿ ಗುರಾಣಿ ಬೆತ್ತಗಳನ್ನು ಹಿಡಿದು ಇಬ್ಬರು ಸೆಣಸುತ್ತಾರೆ. ಏಟು ಮೊಣಕಾಲಿನಿಂದ ಕೆಳಗೇ ಬೀಳಬೇಕು. ಮಂಗಳೂರಿನ ಕಡೆಯ ಹಬ್ಬದ ಮೆರವಣಿಗೆಗಳಲ್ಲಿ ತಾಲೀಮಿನವರು ದೊಣ್ಣೆ ತಿರುಗಿಸುತ್ತಾರೆ. ದಕ್ಷಿಣಕ್ಕೆ ಕಾಸರಗೋಡನ್ನು ದಾಟಿದರೆ ಕಳರಿಯಲ್ಲಿ ಮೊದಲು ಮೈಯನ್ನು ಪಳಗಿಸಿ, ಆಮೇಲೆ ಕೋಲನ್ನು ಕೊಟ್ಟು, ಕಡೆಗಷ್ಟೇ ಲೋಹದ ಆಯುಧವನ್ನು ಕೈಗಿಡುವ ಕ್ರಮವಿದೆ. ಬೆಳಕಿನ ಕತ್ತಿಯವರು ಹೊಸದಾಗಿ ಕಂಡುಕೊಂಡ ನೀತಿ ನಮ್ಮ ಹಿರಿಯರಿಗೆ ಅಪರಿಚಿತವಾಗಿರಲಿಲ್ಲ.

ಹಾಗಾದರೆ ಈ ಹೊಸ ಆಟ ನಮ್ಮ ಹುಡುಗ ಹುಡುಗಿಯರಿಗೆ ಬೇಕೇ? ಕತ್ತಿವರಸೆಯ ಕ್ರೀಡೆಗೆ ಭಾರತದಲ್ಲಿ ಈಗ ಗೌರವ ದೊರೆತಿದೆ; 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ತಮಿಳುನಾಡಿನ ಭವಾನಿ ದೇವಿ ಈ ಕ್ರೀಡೆಗಿಳಿದ ಮೊದಲ ಭಾರತೀಯರಾದರು. ಆದರೆ ಅದಕ್ಕೆ ಬೇಕಾದ ವಿದ್ಯುತ್ ಸಲಕರಣೆ, ಉಡುಪು, ತರಬೇತಿಗಳು ಹಳ್ಳಿಯ ಶಾಲೆಗೆ ಎಟುಕುವಂಥವಲ್ಲ. ಬೆಳಕಿನ ಕತ್ತಿಗೆ ಅಂಗಳವೊಂದಿದ್ದರೆ, ಸುಣ್ಣದಿಂದ ಬರೆದ ವೃತ್ತವೊಂದಿದ್ದರೆ, ಮುಖ ಕೈಗಳಿಗೆ ರಕ್ಷೆಯಿದ್ದರೆ ಸಾಕು. ಮಳೆಗಾಲದ ಸಂಜೆಗಳಲ್ಲಿ ಕಬಡ್ಡಿಯ ಮೈದಾನ ಕೆಸರಾದಾಗ ಶಾಲೆಯ ಸಭಾಂಗಣವೇ ಇದಕ್ಕೆ ರಂಗವಾದೀತು.

ರಕ್ಷೆಯ ಮಾತನ್ನು ಮಾತ್ರ ಅಧ್ಯಾಪಕರು ಹಗುರವಾಗಿ ಎಣಿಸಬಾರದು. 1982ರಲ್ಲಿ ರೋಮಿನ ವಿಶ್ವ ಕತ್ತಿವರಸೆ ಪಂದ್ಯದಲ್ಲಿ ಎದುರಾಳಿಯ ಮುರಿದ ಅಲಗು ಮುಖವಾಡವನ್ನು ತೂರಿ, ಸೋವಿಯತ್ ದೇಶದ ಒಲಿಂಪಿಕ್ ವಿಜೇತ ವ್ಲಾದಿಮಿರ್ ಸ್ಮಿರ್ನೋವ್ ತೀರಿಕೊಂಡರು. ಅದಾದ ಮೇಲೆಯೇ ಅಲಗು, ಮುಖವಾಡ, ಉಡುಪುಗಳ ಗಟ್ಟಿತನದ ಕಟ್ಟಳೆಗಳು ಬಿಗಿಯಾದವು. ಪ್ಲಾಸ್ಟಿಕ್ಕಿನ ಕೊಳವೆಯೂ ಕಣ್ಣಿಗೆ ತಾಗಿದರೆ ಕಣ್ಣು ಹೋದೀತು. ಮುಖವಾಡವಿಲ್ಲದೆ ಆಟವಿಲ್ಲ, ಬಿರುಕು ಬಿಟ್ಟ ಕೊಳವೆಗೆ ಆಟದಲ್ಲಿ ಸ್ಥಳವಿಲ್ಲ, ಒಬ್ಬರು ‘ಸಾಕು’ ಎಂದೊಡನೆ ಇಬ್ಬರ ಕೈಯೂ ಇಳಿಯಬೇಕು. ಈ ಮೂರನ್ನು ನಡೆಸಿಕೊಡುವ ಹಿರಿಯರೊಬ್ಬರು ವೃತ್ತದ ಬದಿಯಲ್ಲಿ ನಿಂತಿರಬೇಕು.

ಈ ಆಟದ ಅಂಕಗಳನ್ನು ಎಣಿಸುವವರು ತೀರ್ಪುಗಾರರಾದರೂ, ಏಟು ತಾಗಿದ್ದು ಮೊದಲು ತಿಳಿಯುವುದು ತಾಗಿಸಿಕೊಂಡವನಿಗೆ. ‘ನನಗೆ ತಾಗಿತು’ ಎಂದು ತಾನಾಗಿ ಕೈಯೆತ್ತುವುದನ್ನು ಒಬ್ಬ ಹುಡುಗ ಕಲಿತರೆ, ಗೆಲುವು ಯಾರದಾದರೂ ಆ ಸಂಜೆ ವ್ಯರ್ಥವಾಗಲಿಲ್ಲ. ಪಡುಮಲೆಯ ಮಕ್ಕಳ ಆಟದ ಬದಿಯಲ್ಲಿ ಅಂದು ನ್ಯಾಯವಂತನಾದ ಹಿರಿಯನೊಬ್ಬ ನಿಂತಿದ್ದರೆ ಎಣ್ಮೂರಿನ ನೆಲ ಆ ಇಬ್ಬರ ರಕ್ತವನ್ನು ಕಾಣಬೇಕಾಗಿರಲಿಲ್ಲ.